ಬರ್ಗೂರು ಬೆಟ್ಟದ ದೊಡ್ಡಿ: ದನ ಉಳಿಸಿಕೊಳ್ಳಲೇ, ಮಾರಿಬಿಡಲೇ?

ದೊಡ್ಡಿಮನೆ (ಬರ್ಗೂರು ಬೆಟ್ಟ, ತಮಿಳುನಾಡಿನ ಈರೋಡು ಜಿಲ್ಲೆ):

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ನನ್ನ ಪಾಲಿಗೆ ಬಂದದ್ದು ನಾಲ್ಕು ಎಕರೆ ಮಳೆ ನಂಬಿದ ಹೊಲ, ಎರಡು ಹಲಸಿನ ಮರ, ಮೂವತ್ತೊಂದು ದನ. ದನವೆಂದರೆ ಸೀಮೆಹಸುಗಳಲ್ಲ. ನಮ್ಮ ಬೆಟ್ಟದ್ದೇ ತಳಿ. ಕೆಂಪು ಮೈಮೇಲೆ ಯಾರೋ ಸುಣ್ಣದ ನೀರು ಚಿಮುಕಿಸಿದ ಹಾಗೆ ಬಿಳಿ ಮಚ್ಚೆ. ಕರು ಕುಡಿದು ಬಿಟ್ಟರೆ ನಮಗೊಂದು ಚೊಂಬು ಹಾಲು, ಅಷ್ಟೇ. ನಮ್ಮ ಸಂಸಾರ ನಡೆದದ್ದು ಗೊಬ್ಬರದಿಂದ. ಕಾಡಿನೊಳಗೆ ಮುಳ್ಳುಬೇಲಿ ಕಟ್ಟಿದ ದೊಡ್ಡಿ, ಕೆಳಗಿನ ತಮಿಳಿನವರು ಅದನ್ನು ಪಟ್ಟಿ ಎನ್ನುತ್ತಾರೆ. ಹಗಲು ಮೇವು, ರಾತ್ರಿ ದೊಡ್ಡಿ. ತಿಂಗಳುಗಟ್ಟಲೆ ಕೂಡಿದ ಗೊಬ್ಬರ ಲಾರಿಯಲ್ಲಿ ಈರೋಡಿನ ಅರಿಸಿನದ ಹೊಲಗಳಿಗೆ ಇಳಿಯುತ್ತಿತ್ತು. ಹೋರಿಗರುಗಳನ್ನು ಆಡಿ ಮಾಸದಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದೆವು.

2022ರ ಮಾರ್ಚ್‌ನಲ್ಲಿ ಮದರಾಸು ಹೈಕೋರ್ಟು ಕಾಡಿನಲ್ಲಿ ದನ ಮೇಯಿಸಕೂಡದು ಎಂದಿತು. ಅದೇ ತಿಂಗಳು ಆದೇಶವನ್ನು ತಿದ್ದಿ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಾತ್ರ ಎಂದಿತು. ಸದ್ಯ, ಬದುಕಿದೆವು ಎಂದುಕೊಂಡೆವು. 2024ರಲ್ಲಿ ನಮ್ಮ ಕಾಡೇ ತಂದೈ ಪೆರಿಯಾರ್ ವನ್ಯಜೀವಿ ಅಭಯಾರಣ್ಯವಾಯಿತು! 805 ಚದರ ಕಿಲೋಮೀಟರು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿರುವ ತಮ್ಮ, “ಎಲ್ಲ ಮಾರಿ ಮರಗೆಣಸು ಹಾಕಣ್ಣ” ಎನ್ನುತ್ತಾನೆ. ನನಗೆ ಮನಸ್ಸು ಬಾರದು. ಆದರೆ ಮನಸ್ಸು ಬಾರದು ಎನ್ನುವುದೇ ಕಾರಣವಾಗಬಾರದಲ್ಲ. ನಿಜವಾಗಿಯೂ ನಮ್ಮ ದನ ಕಾಡು ಕೆಡಿಸುತ್ತದೆಯೇ? ಬಲ್ಲವರು ಮುಲಾಜಿಲ್ಲದೆ ಹೇಳಿ.

ಹಕ್ಕಿ ಎಣಿಸುವವನು (ಸತ್ಯಮಂಗಲ):

ಮುಲಾಜಿಲ್ಲದೆ ಎಂದಿರಿ, ಹಾಗೆಯೇ ಹೇಳುತ್ತೇನೆ. ಮಾರಿ.

ನಿಮ್ಮ ದನ ತಿನ್ನುವ ಹುಲ್ಲನ್ನೇ ಕಾಟಿಯೂ ಕಡವೆಯೂ ತಿನ್ನಬೇಕು. ಬೇಸಗೆಯಲ್ಲಿ ಹಳ್ಳದ ಗುಂಡಿಯೊಂದರಲ್ಲಿ ಉಳಿದ ನೀರಿಗೆ ಮೂವತ್ತು ದನ ಇಳಿದರೆ ಆ ನೀರಿಗೆ ಇನ್ನೊಂದು ಪ್ರಾಣಿ ಮೂತಿಯಿಡುವುದಿಲ್ಲ. ರೋಗದ ಮಾತು ಇನ್ನೂ ದೊಡ್ಡದು. 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೆಗೆ ಹೊಕ್ಕು ಕಾಟಿಗಳನ್ನು ಹಿಂಡುಹಿಂಡಾಗಿ ಕೊಂದಿತು. ಮೋಯಾರ್ ಕಣಿವೆಗೆ ಒಮ್ಮೆ ಹೋಗಿ ನೋಡಿ. ಜಿಂಕೆ, ಕೃಷ್ಣಮೃಗ ಮೇಯುತ್ತಿದ್ದ ಬಯಲಿನಲ್ಲಿ ಬಳ್ಳಾರಿ ಜಾಲಿ. ಅದರ ಸಿಹಿ ಕಾಯಿಯನ್ನು ದನ ತಿನ್ನುತ್ತದೆ, ಬೀಜ ಸಗಣಿಯಲ್ಲಿ ಬಿದ್ದು ಗೊಬ್ಬರದ ಸಮೇತ ಮೊಳೆಯುತ್ತದೆ. ಜಾಲಿಗೆ ಇದಕ್ಕಿಂತ ಒಳ್ಳೆಯ ಬೇಸಾಯಗಾರ ಬೇಕೇ?

ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಪ್ಪ ತಪ್ಪು ಮಾಡಿದರು ಎನ್ನುತ್ತಿಲ್ಲ. ಆಗ ಕಾಡು ದೊಡ್ಡದಿತ್ತು.

ಕಬ್ಬಿನ ಗದ್ದೆ (ತಾಳವಾಡಿ):

ಶುರುವಾಯಿತು. ಪೇಟೆಯಲ್ಲಿ ಕುಳಿತು ದುರ್ಬೀನಿನಲ್ಲಿ ನೋಡುವವರಿಗೆ ಎಲ್ಲವೂ ಹತ್ತಿರದಲ್ಲೇ ಕಾಣುತ್ತದೆ.

ಹಳೇ ದನದ ಡಾಕ್ಟರು (ಅಂದಿಯೂರು, ಈಗ ನಿವೃತ್ತ):

ಜಗಳ ಆಮೇಲೆ ಆಡಿ. ಹಕ್ಕಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಇದೆ.

ದೊಡ್ಡರೋಗ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. 2011ರಲ್ಲಿ ಅದು ನಿರ್ಮೂಲವಾಯಿತೆಂದು ಜಗತ್ತಿಗೇ ಘೋಷಿಸಿದರು. ಉಳಿದಿರುವುದು ಕಾಲುಬಾಯಿ ಜ್ವರ, ಚಪ್ಪೆರೋಗ, ಗಳಲೆರೋಗ. ಇವಕ್ಕೆಲ್ಲ ಲಸಿಕೆ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಕಲಮನ್ನು ಓದಿದವರು ಕಡಿಮೆ: ಅಭಯಾರಣ್ಯದ ಒಳಗೂ ಅದರ ಸುತ್ತ ಐದು ಕಿಲೋಮೀಟರಿನಲ್ಲೂ ಇರುವ ದನಗಳಿಗೆ ಲಸಿಕೆ ಹಾಕಿಸುವ ಹೊಣೆಯನ್ನು ಅದು ಮುಖ್ಯ ವನ್ಯಜೀವಿ ಪರಿಪಾಲಕರ ಮೇಲೆಯೇ ಹೊರಿಸಿದೆ. ಕಾನೂನು ಬರೆದವರಿಗೆ ಅಭಯಾರಣ್ಯದಲ್ಲಿ ದನ ಇರುತ್ತವೆ ಎಂಬುದು ಗೊತ್ತಿತ್ತು. ರಾಷ್ಟ್ರೀಯ ಉದ್ಯಾನಕ್ಕೆ ಮಾತ್ರ ಪೂರ್ತಿ ನಿಷೇಧ. ಅಭಯಾರಣ್ಯದಲ್ಲಿ ಪರಿಪಾಲಕರು ಮೇವನ್ನು ನಿಯಂತ್ರಿಸಬಹುದು, ಬಿಡಬಹುದು ಎಂದೇ ಕಾಯ್ದೆಯ ಮಾತು. ನಮ್ಮ ರಾಜ್ಯದಲ್ಲಿ ಅದರ ಮೇಲೆ ಹೈಕೋರ್ಟಿನ ಆದೇಶ ಬಂದು ಕೂತಿದೆ, ಅದು ಬೇರೆ.

ಇನ್ನು ಬರ್ಗೂರು ದನದ ಬಗ್ಗೆ. ನಾನು ಆ ಬೆಟ್ಟದಲ್ಲಿ ವರ್ಷಗಟ್ಟಲೆ ಸೂಜಿ ಹಿಡಿದು ಓಡಾಡಿದವನು. ಒಂದು ಸಲವೂ ಒದೆ ತಿನ್ನದೆ ಬೆಟ್ಟ ಇಳಿದದ್ದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಹಿಂಡಿ ತಿನ್ನಿಸುವ ತಳಿ ಅದಲ್ಲ. ಕಟ್ಟಿದರೆ ಗೊರಸು ಬೆಳೆದು, ಮೈ ಬಂದು, ಗಬ್ಬವೇ ನಿಲ್ಲುವುದಿಲ್ಲ. ದೊಡ್ಡಿ ಹೋದರೆ ತಳಿಯೂ ಹೋಗುತ್ತದೆ. ವೀರ್ಯ ಶೀತಲಪೆಟ್ಟಿಗೆಯಲ್ಲಿ ಇಡಬಹುದು. ಬೆಟ್ಟ ಹತ್ತುವುದನ್ನು ತಾಯಿ ಕಲಿಸಬೇಕು.

ಆದ್ದರಿಂದ ಕೇಳಬೇಕಾದದ್ದು ‘ದನ ಬೇಕೋ ಬೇಡವೋ’ ಎಂದಲ್ಲ. ಎಷ್ಟು ದನ, ಯಾವ ತಿಂಗಳಲ್ಲಿ, ಯಾವ ಮಗ್ಗುಲಲ್ಲಿ, ಯಾವ ಮದ್ದು ಹಾಕಿಸಿಕೊಂಡು?

ತಾಳವಾಡಿ ರಾಗಿ:

ಡಾಕ್ಟರೇ, ‘ಯಾವ ಮದ್ದು’ ಎಂದಿರಿ ನೋಡಿ, ಅದರ ಬಗ್ಗೆ ನನ್ನದೊಂದು ಹೇಳುವುದಿದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮ ಹೊಲದಿಂದ ಅರ್ಧ ಗಂಟೆ ನಡೆದರೆ ನೆಲ ಕುಸಿದು ಮೋಯಾರ್ ಕಣಿವೆ ಕಾಣುವ ಅಂಚು ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಸು ಬಂಡೆಯ ಮೇಲೆ ಜಾರಿ ತೊಡೆ ಊದಿಸಿಕೊಂಡಿತು. ಪೇಟೆಯ ಒಂದು ಮದ್ದಿನಂಗಡಿಯಲ್ಲಿ ಮನುಷ್ಯರಿಗೆ ಹಾಕುವ ನೋವಿನ ಚುಚ್ಚುಮದ್ದು ಕೊಟ್ಟರು. ನಾನೇ ಚುಚ್ಚಿದೆ. ಎರಡು ದಿನ ಎದ್ದು ನಿಂತಿತು, ಮೂರನೆಯ ದಿನ ಸತ್ತಿತು. ಕಾಲಿಗೆ ಹಗ್ಗ ಕಟ್ಟಿ ಹಳ್ಳಕ್ಕೆ ಎಳೆದು ಹಾಕಿದೆವು, ಎಲ್ಲರೂ ಹಾಗೆಯೇ ಮಾಡುವುದು. ಮಧ್ಯಾಹ್ನದ ಹೊತ್ತಿಗೆ ಆಕಾಶದಲ್ಲಿ ಚುಕ್ಕಿಗಳು. ಇಳಿದು ಬಂದವು. ಏಳು ರಣಹದ್ದು. ರೆಕ್ಕೆ ಬಿಚ್ಚಿ ಒಂದನ್ನೊಂದು ದಬ್ಬುತ್ತ, ಮದುವೆ ಮನೆಯ ಪಂಕ್ತಿಯಲ್ಲಿ ಜಾಗ ಹಿಡಿಯುವವರಂತೆ. ನನ್ನ ಮಗ ಎಣಿಸಿದ. ನನಗೂ ಖುಷಿಯಾಯಿತು.

ವಾರದ ನಂತರ ಹದ್ದುಗಳ ಬಗ್ಗೆ ಕೇಳಿಕೊಂಡು ಇಬ್ಬರು ಹುಡುಗರು ಬಂದರು. ಗೋಡೆಯ ಗೂಡಿನಲ್ಲಿದ್ದ ಖಾಲಿ ಶೀಸೆಯನ್ನು ಒಬ್ಬ ಕೈಗೆತ್ತಿಕೊಂಡು ಓದಿದ. ಡೈಕ್ಲೋಫೆನಾಕ್. ಏನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾನು ಆ ಹಳ್ಳದ ಕಡೆ ಎಷ್ಟೋ ದಿನ ಹೋಗಲೇ ಇಲ್ಲ.

ಹಳೇ ದನದ ಡಾಕ್ಟರು:

ಹೇಳಿದ್ದು ಒಳ್ಳೆಯದಾಯಿತು. ಓದುವವರಿಗಾಗಿ ಬರೆಯುತ್ತೇನೆ. ಆ ಮದ್ದು ಹಾಕಿದ ದನ ಎರಡು ಮೂರು ದಿನದೊಳಗೆ ಸತ್ತರೆ ಅದರ ಮಾಂಸದಲ್ಲಿ ಮದ್ದು ಉಳಿದಿರುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಬಿಳಿಯ ಪುಡಿಯಾಗಿ ಕಟ್ಟಿಕೊಳ್ಳುತ್ತದೆ, ಕತ್ತು ಜೋಲುಬಿದ್ದು ಸಾಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಹೋದದ್ದು ಬೇಗ ತುಂಬಿಬರುವುದಿಲ್ಲ. ದನಗಳಿಗೆ ಡೈಕ್ಲೋಫೆನಾಕನ್ನು 2006ರಲ್ಲೇ ನಿಷೇಧಿಸಿದರು. ಆದರೆ ಮನುಷ್ಯರ ಹೆಸರಿನಲ್ಲಿ ದೊಡ್ಡ ಶೀಸೆ ಬರುತ್ತಿತ್ತು, ಒಂದು ಶೀಸೆ ಒಂದು ಎತ್ತಿಗೆ ಸರಿಯಾಗಿ ಸಾಕಾಗುತ್ತಿತ್ತು. 2015ರಲ್ಲಿ ಅದನ್ನೂ ಮೂರು ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎರಡಕ್ಕೂ ದನಗಳ ಮಟ್ಟಿಗೆ ನಿಷೇಧ ಬಂತು. ದನಕ್ಕೆ ನೋವಾದರೆ ಮೆಲೊಕ್ಸಿಕಾಮ್ ಎಂದು ಕೇಳಿ ತನ್ನಿ. ಬೆಲೆಯೂ ಹೆಚ್ಚಲ್ಲ, ಹದ್ದಿಗೂ ಅಪಾಯವಿಲ್ಲ.

ಇನ್ನೊಂದು. ಚಿರತೆ ಕರು ಹಿಡಿಯಿತೆಂದು ಸಿಟ್ಟಿನಲ್ಲಿ ಹೆಣಕ್ಕೆ ಕೀಟನಾಶಕ ಸುರಿಯುವವರಿದ್ದಾರೆ. ಚಿರತೆ ಬಂದರೂ ಬರದಿದ್ದರೂ ಹದ್ದು ಮಾತ್ರ ತಪ್ಪದೆ ಬರುತ್ತದೆ.

ಹಕ್ಕಿ ಎಣಿಸುವವನು:

ರಾಗಿಯವರೇ, ಆ ಇಬ್ಬರಲ್ಲಿ ನಾನಿರಲಿಲ್ಲ, ಆದರೆ ಹಾಗೆ ಬಂದು ಹೋಗುವವರು ನನಗೆ ಗೊತ್ತು. ದಕ್ಷಿಣ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಅತಿ ಹೆಚ್ಚು ಉಳಿದಿರುವುದು ಮೋಯಾರಿನ ಆಸುಪಾಸಿನಲ್ಲಿ. ಹೊಳೆಯಂಚಿನ ಮತ್ತಿಮರಗಳಲ್ಲಿ ಗೂಡು ಕಟ್ಟುತ್ತವೆ.

ಒಂದನ್ನು ಒಪ್ಪಿಕೊಳ್ಳುತ್ತೇನೆ. ದನಗಳೇ ಇಲ್ಲವಾದರೆ ಹದ್ದಿನ ಊಟದ ಒಂದು ಪಾಲು ಕಡಿಮೆಯಾಗುತ್ತದೆ. ಮೊದಲ ಉತ್ತರದಲ್ಲಿ ಇದನ್ನು ಬರೆಯಬೇಕಿತ್ತು, ಬಿಟ್ಟೆ.

ಜೇನುಕಲ್ಲು (ಸೋಲಿಗರ ಪೋಡು, ಹಾಸನೂರು ಕಡೆ):

ಹುಲ್ಲು ಯಾರು ತಿಂದರು ಎಂದು ಲೆಕ್ಕ ಹಾಕುತ್ತಿದ್ದೀರಿ. ಹುಲ್ಲು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ನನ್ನ ತಾತ ಪುಷ್ಯ, ಮಾಘದಲ್ಲಿ ತರಗುಬೆಂಕಿ ಹಾಕುತ್ತಿದ್ದ ಕಾಲದವನು. ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಬೆಂಕಿ ಮೊಣಕಾಲಿನ ಮೇಲೆ ಏಳುವುದಿಲ್ಲ. ನೆಲದ ತರಗು ಸುಡುತ್ತದೆ, ಉಣ್ಣೆ ಸಾಯುತ್ತವೆ, ಮರಕ್ಕೆ ಏನೂ ಆಗುವುದಿಲ್ಲ. ನೆಲ್ಲಿ ಮರದ ಮೇಲಿನ ಬಂದಳಿಕೆಯೂ ಹತೋಟಿಯಲ್ಲಿ ಇರುತ್ತಿತ್ತು. ಆ ಬೆಂಕಿ ತಪ್ಪು ಎಂದು ನಿಲ್ಲಿಸಿದರು. ಈಗ ತರಗು ವರ್ಷಗಟ್ಟಲೆ ಕೂಡಿ, ಬೇಸಗೆಯ ಕೊನೆಯಲ್ಲಿ ಬೆಂಕಿ ಬಿದ್ದರೆ ಮರದ ತುದಿಯವರೆಗೆ ಹೋಗುತ್ತದೆ. ಹುಲ್ಲಿದ್ದ ಕಡೆಯೆಲ್ಲ ಲಂಟಾನ. ಆಳೆತ್ತರ. ಅದರೊಳಗೆ ಆನೆ ನಿಂತಿದ್ದರೂ ಹತ್ತು ಮಾರು ದೂರದಿಂದ ಕಾಣುವುದಿಲ್ಲ. ನಮ್ಮ ಪೋಡಿನ ಒಬ್ಬ ಅಜ್ಜಿಗೆ ಕಾಣಲಿಲ್ಲ.

ಲಂಟಾನವನ್ನು ದನವೂ ತಿನ್ನದು, ಕಡವೆಯೂ ತಿನ್ನದು. ಮಾದೇಶ್ವರನ ಬೆಟ್ಟದ ಕಡೆ ನಮ್ಮವರು ಅದರ ಕೋಲನ್ನು ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಒಳ್ಳೆಯ ಕೆಲಸ, ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಲಂಟಾನವೇ ಇದು?

ದೊಡ್ಡಿಮನೆಯ ಅಣ್ಣ, ನಿಮ್ಮ ಕಡೆ ದೊಡ್ಡಿ ಬಿಟ್ಟ ಜಾಗ ಈಗ ಹೇಗಿದೆ? ಅದನ್ನು ಹೇಳಿ.

ದೊಡ್ಡಿಮನೆ:

ಅಕ್ಕ, ನಿಮ್ಮ ಮಾತು ಓದಿ ನಿನ್ನೆ ಹೋಗಿ ನೋಡಿ ಬಂದೆ. ಅಪ್ಪನ ಕೊನೆಯ ದೊಡ್ಡಿ ಬಿಟ್ಟು ಮೂರು ಮಳೆಗಾಲ ಕಳೆದಿವೆ. ಬೇಲಿಯ ಗೂಟಗಳಲ್ಲಿ ಎರಡು ಚಿಗುರಿ ಮರವಾಗಿವೆ. ದನ ಮಲಗುತ್ತಿದ್ದ ನೆಲದಲ್ಲಿ ನಡುಮಟ್ಟ ಹುಲ್ಲು, ಸುತ್ತಲಿನ ಹುಲ್ಲಿಗಿಂತ ಬಣ್ಣ ಗಾಢ. ಮಧ್ಯದಲ್ಲಿ ಕಡವೆಯ ಹಿಕ್ಕೆ ರಾಶಿ, ಒಂದು ಮೊಲದ ಗೂಡು. ಕರುಗಳನ್ನು ಬೇರೆಯಾಗಿ ಕೂಡುತ್ತಿದ್ದ ಮೂಲೆಯಲ್ಲಿ ಹಳೆಯ ಬಿದಿರಿನ ಗಂಟೆಯ ಒಂದು ಹೋಳು ಸಿಕ್ಕಿತು, ತಂದಿಟ್ಟುಕೊಂಡಿದ್ದೇನೆ. ದೊಡ್ಡಿಯ ಬೇಲಿ ದಾಟಿ ಇಪ್ಪತ್ತು ಹೆಜ್ಜೆಗೆ ಲಂಟಾನ ಶುರು. ದನ ಓಡಾಡುವಾಗ ಅದು ಹಳ್ಳದಾಚೆ ಇತ್ತು.

ಆದರೆ ಹಕ್ಕಿಯವರ ಮಾತಿಗೂ ಸಾಕ್ಷಿ ಸಿಕ್ಕಿತು. ನೀರಿಗೆ ಇಳಿಯುತ್ತಿದ್ದ ದಾರಿ ಕೊರೆದು ಆಳುದ್ದದ ಕೊರಕಲಾಗಿದೆ. ಅದು ನಮ್ಮ ದನಗಳದೇ ಕೆಲಸ.

ಕಬ್ಬಿನ ಗದ್ದೆ:

ಎಲ್ಲರೂ ಕಾಡಿನ ಒಳಗಿನ ಮಾತಾಡುತ್ತಿದ್ದೀರಿ, ನಾನು ಅಂಚಿನ ಮಾತಾಡುತ್ತೇನೆ. ನಾನು ಕಬ್ಬು ಹಾಕುತ್ತೇನೆ, ಬಾಳೆ ಹಾಕುತ್ತೇನೆ. ಆನೆಗೆ ಆಹ್ವಾನ ಪತ್ರಿಕೆ ಕಳಿಸುತ್ತಿದ್ದೀಯೆ ಎಂದು ಮೀಟಿಂಗಿನಲ್ಲಿ ಹೇಳಿಸಿಕೊಂಡಿದ್ದೇನೆ. ಕರುಪ್ಪನ್ ಎಂಬ ಆನೆ ನಮ್ಮ ಕಡೆ ಜನರನ್ನು ಕೊಂದು, ಹೊಲ ತುಳಿದು, 2023ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದಾಗ ಅದನ್ನು ಎಲ್ಲಿಗೆ ಬಿಟ್ಟರು ಗೊತ್ತೇ? ಬರ್ಗೂರಿನ ಕಾಡಿಗೆ. ದೊಡ್ಡಿಮನೆಯವರೇ, ನಮ್ಮ ತಲೆನೋವು ನಿಮ್ಮ ಬೆಟ್ಟಕ್ಕೆ ಬಂತು, ಕ್ಷಮಿಸಿ.

ರಾಗಿ ಬೆಳೆಯಿರಿ ಎಂದು ಉಪದೇಶ ಮಾಡುವವರು ರಾಗಿ ಮಾರಿ ಮಗಳ ಕಾಲೇಜಿನ ಶುಲ್ಕ ಕಟ್ಟಿ ತೋರಿಸಲಿ.

ತಾಳವಾಡಿ ರಾಗಿ:

ಗದ್ದೆಯಣ್ಣ, ನಿನ್ನ ಹೊಲಕ್ಕೆ ಬಂದ ಆನೆ ವಾಪಸು ಹೋಗುವಾಗ ನನ್ನ ಹೊಲ ತುಳಿದೇ ಹೋಗುವುದು. ಆದರೂ ನಾವಿಬ್ಬರೂ ಒಂದೇ ಅಟ್ಟಣೆಯ ಮೇಲೆ ಕುಳಿತು ಬೀಡಿ ಹಂಚಿಕೊಳ್ಳುತ್ತೇವೆ, ಆದ್ದರಿಂದ ಸಿಟ್ಟಿಲ್ಲದೆ ಹೇಳುತ್ತೇನೆ.

ನಾನು ರಾಗಿಯನ್ನು ಒಂಟಿಯಾಗಿ ಹಾಕುವುದಿಲ್ಲ. ಅಕ್ಕಡಿ ಸಾಲು ಬಿಡುತ್ತೇನೆ: ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳು. ಬದುವಿನ ಸುತ್ತ ಎರಡು ಸಾಲು ಹರಳು. ಆನೆಗಾಗಲೀ ಹಂದಿಗಾಗಲೀ ಅದರ ಎಲೆ ರುಚಿಸದು. ತಡೆಗಟ್ಟುತ್ತದೆ ಎನ್ನಲಾರೆ, ಹಸಿದ ಆನೆಗೆ ಹರಳೂ ಒಂದೇ ಬೇಲಿಯೂ ಒಂದೇ. ಆದರೆ ರಾಗಿ ಹೋದ ವರ್ಷವೂ ಹರಳು, ಅವರೆ ಕೈಗೆ ಬಂದಿವೆ. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲ ಹಳದಿ, ಬೆಳಗ್ಗೆ ಏಳರ ಹೊತ್ತಿಗೆ ಜೇನಿನ ಸದ್ದು ಮನೆಯ ಜಗಲಿಗೆ ಕೇಳುತ್ತದೆ. ಕೊಯ್ಲು ಮುಗಿದ ಮೇಲೆ ಕೂಳೆಯಲ್ಲಿ ನವಿಲು, ಗೌಜಲಹಕ್ಕಿ. ಗೌಜಲು ತಿನ್ನಲು ನರಿ.

ಇದಕ್ಕೆಲ್ಲ ಬೇಕಾದದ್ದು ದನದ ಗೊಬ್ಬರ. ನಮ್ಮ ಗುಮಟಾಪುರದ ಗೊರೆಹಬ್ಬಕ್ಕೆ, ದೀಪಾವಳಿ ಕಳೆದ ಮೇಲೆ, ಸಗಣಿಯನ್ನು ಮನೆಮನೆಯಿಂದ ತಂದು ರಾಶಿ ಹಾಕಿ ಒಬ್ಬರ ಮೇಲೊಬ್ಬರು ಎರಚುತ್ತೇವೆ. ಟಿವಿಯವರು ನಗಲಿಕ್ಕೆ ತೋರಿಸುತ್ತಾರೆ. ಹಬ್ಬ ಮುಗಿದ ಮೇಲೆ ಆ ಸಗಣಿ ಹೊಲಕ್ಕೆ ಹೋಗುವುದನ್ನು ಯಾರೂ ತೋರಿಸುವುದಿಲ್ಲ.

ಮಾವಿನತೋಪು (ತಳಿ, ಕೃಷ್ಣಗಿರಿ ಜಿಲ್ಲೆ):

ನಮ್ಮ ಕಡೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಹಿಂಡು ಬನ್ನೇರುಘಟ್ಟದ ಕಡೆಯಿಂದ ಇಳಿಯುತ್ತವೆ, ಹೊಸೂರಿನ ಕೆರೆಗಳವರೆಗೆ ಹೋಗುತ್ತವೆ. ಆದ್ದರಿಂದ ರಾಗಿ ಬೆಳೆದರೆ ಆನೆ ಬಾರದು ಎಂದು ಯಾರೂ ತಿಳಿಯಬೇಡಿ. 2022ರಲ್ಲಿ ನಮ್ಮದೂ ಕಾವೇರಿ ದಕ್ಷಿಣ ಅಭಯಾರಣ್ಯ ಆಯಿತು. ಒಬ್ಬರು ಬೇಲಿಗೆ ನೇರ ಲೈನಿನ ಕರೆಂಟು ಕೊಟ್ಟು ಈಗ ಕೋರ್ಟಿಗೆ ಅಲೆಯುತ್ತಿದ್ದಾರೆ. ಸೋಲಾರ್ ಬೇಲಿ ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಅದರ ಕೆಳಗಿನ ಹುಲ್ಲನ್ನು ವಾರವಾರ ಸವರಬೇಕು. ಆ ಸವರುವವನೇ ಯಾವ ಊರಿನಲ್ಲೂ ಇಲ್ಲ.

ಮಂಜೇಶ್ವರದ ಅಡಿಕೆ (ಕಾಸರಗೋಡು):

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಆನೆ, ದೊಡ್ಡಿಗಳ ಕಥೆ ಇಲ್ಲ, ಆದರೆ ಕಾಸರಗೋಡು ಗಿಡ್ಡ ಇದೆ. ಸೊಂಟದೆತ್ತರದ ಹಸು. ಮುರಕಲ್ಲಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲುಗಳಲ್ಲಿ, ಮಳೆಗಾಲಕ್ಕೆ ಹುಲ್ಲು ಬಂದಾಗ ಬಿಟ್ಟು ಮೇಯಿಸುತ್ತಿದ್ದೆವು. ಆ ಪದವಿನಲ್ಲಿ ಬೊಗಸೆ ನೀರು ನಿಲ್ಲುವ ತಗ್ಗುಗಳಲ್ಲಿ ಆಗಸ್ಟಿನ ಹೊತ್ತಿಗೆ ನೀಲಿ ಹೂ ಹಾಸಿಕೊಳ್ಳುತ್ತದೆ. ದನ ಹೋದ ಪದವುಗಳಿಗೆ ಏನಾಯಿತು? ಕೆಲವು ಅಕೇಶಿಯ ನೆಡುತೋಪಾದವು, ಕೆಲವನ್ನು ಕಲ್ಲು ಕೊಯ್ಯುವ ಯಂತ್ರ ತಿಂದಿತು. ದನ ಮೇಯುವ ಜಾಗಕ್ಕೆ ‘ಪಾಳು’ ಎಂದು ಹೆಸರಿಟ್ಟ ಕೂಡಲೇ ಅದನ್ನು ತಿನ್ನಲು ಬೇರೆಯವರು ಬರುತ್ತಾರೆ.

2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿಕೊಂಡಿತು: ಕಾಸರಕನ ಮರ, ಪೆರಿಯದ ಹೊಳೆಯಲ್ಲಿ ಬೆಳೆಯುವ ಬಿಳಿ ಲಿಲ್ಲಿ, ಕಡಲ ಹದ್ದು, ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ಗಿಡ್ಡ ಆ ಪಟ್ಟಿಯಲ್ಲಿಲ್ಲ. ಸಾಕಿದ್ದಕ್ಕೆ ಮರ್ಯಾದೆ ಕಡಿಮೆ.

ಸೋದರಳಿಯ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಉತ್ತರದ ಗುಡ್ಡಗಳಲ್ಲಿ ಕುರಿ ದನ ಸಾಕುವವರು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮರಿ ಹಾರುವವರೆಗೆ ಹುಲ್ಲು ಕೊಯ್ಯದೆ ಕಾದರೆ ಸರಕಾರ ಅದಕ್ಕೆಂದೇ ಹಣ ಕೊಡುತ್ತದಂತೆ. ಇಲ್ಲಿ ನಮಗೆ ಸಿಗುವುದು ಬೆಳೆ ಹೋದ ಮೇಲಿನ ಪರಿಹಾರ, ಅದೂ ಹತ್ತು ಸಲ ಕಚೇರಿಗೆ ನಡೆದರೆ. ಕಾದದ್ದಕ್ಕೆ ಕೊಡುವುದಕ್ಕೂ ಕಳೆದದ್ದಕ್ಕೆ ಕೊಡುವುದಕ್ಕೂ ವ್ಯತ್ಯಾಸವಿದೆ.

ಕಬ್ಬಿನ ಗದ್ದೆ:

ಇದು ಮಾತು. ಹಾಗೆ ಕೊಟ್ಟರೆ ನಾಳೆಯೇ ಕಬ್ಬು ಕಿತ್ತು ಅಕ್ಕಡಿ ಹಾಕುತ್ತೇನೆ.

ಹಳೇ ದನದ ಡಾಕ್ಟರು:

ಕೊಡುವ ಕಾಲ ಬಂದಾಗ ನಾನಿರುವುದಿಲ್ಲ. ಈಗ ಆಗುವುದನ್ನು ನೋಡೋಣ. ದೊಡ್ಡಿಮನೆಯವರೇ, 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಕಲಮಿನಲ್ಲಿ ಮೇವಿನ ಹಕ್ಕು ಸಮುದಾಯದ ಹಕ್ಕಾಗಿ ಬರೆದಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ ವಾಸ, ಅಂದರೆ 75 ವರ್ಷ, ತೋರಿಸಬೇಕು. ನಿಮ್ಮ ತಾತನ ಕಾಲದ ದೊಡ್ಡಿ ರಸೀದಿ ಇದ್ದರೆ ಬೆಂಕಿಗೆ ಹಾಕಬೇಡಿ. ಗ್ರಾಮಸಭೆಯ ಮೂಲಕವೇ ಹೋಗಬೇಕು, ಒಬ್ಬೊಬ್ಬರೇ ಹೋದರೆ ಆಗುವುದಿಲ್ಲ.

ಮತ್ತೆ ಜಂತುಮದ್ದನ್ನು ಕಂಡಕಂಡಾಗ ಹಾಕಬೇಡಿ. ಐವರ್‌ಮೆಕ್ಟಿನ್ ಹಾಕಿದ ದನದ ಸಗಣಿಯಲ್ಲಿ ಸಗಣಿಹುಳುವಿನ ಮರಿ ಬದುಕುವುದಿಲ್ಲ. ಹುಳು ಇಲ್ಲದಿದ್ದರೆ ಸಗಣಿ ಮಣ್ಣಿಗೆ ಇಳಿಯದೆ ರೊಟ್ಟಿಯಂತೆ ಒಣಗಿ ಕೂರುತ್ತದೆ.

ದೊಡ್ಡಿಮನೆ:

ಎಲ್ಲವನ್ನೂ ಎರಡೆರಡು ಸಲ ಓದಿದೆ. ತಮ್ಮನಿಗೂ ಓದಿ ಹೇಳಿದೆ, ಅವನು “ಹ್ಞೂಂ” ಎಂದ. ಅವನ ಬಾಯಿಂದ ಅದೇ ಹೆಚ್ಚು.

ಹದಿನಾಲ್ಕು ಇಟ್ಟುಕೊಳ್ಳುತ್ತೇನೆ, ಹನ್ನೊಂದು ಹಸು, ಒಂದು ಬೀಜದ ಹೋರಿ, ಎರಡು ಕಡಸು. ಉಳಿದವನ್ನು ಆಡಿ ಜಾತ್ರೆಯವರೆಗೆ ಕಾದು, ಬೆಟ್ಟದ ತಳಿ ಸಾಕುವವರಿಗೇ ಕೊಡುತ್ತೇನೆ, ಬೆಲೆ ಕಡಿಮೆಯಾದರೂ ಸರಿ. ದೊಡ್ಡಿಯನ್ನು ಸದ್ಯ ನನ್ನ ಪಟ್ಟಾ ಹೊಲದಲ್ಲೇ ಕಟ್ಟಿ, ಹತ್ತು ರಾತ್ರಿಗೊಮ್ಮೆ ಜಾಗ ಬದಲಿಸಿ ಮಂದೆ ನಿಲ್ಲಿಸುತ್ತೇನೆ. ಪಕ್ಕದ ಮೂರು ಹೊಲದವರು ತಮ್ಮಲ್ಲಿಯೂ ನಿಲ್ಲಿಸು, ಮೇವು ಕೊಡುತ್ತೇವೆ ಎಂದಿದ್ದಾರೆ. ಬೇಸಗೆಯ ಎರಡು ತಿಂಗಳು ಹೇಗೆ ಕಳೆಯುತ್ತದೋ ಕಾಣೆ. ನೀರಿನ ದಾರಿಯ ಕೊರಕಲಿಗೆ ಕಲ್ಲು ತುಂಬಲು ಶುರುಮಾಡಿದ್ದೇನೆ. ತಾತನ ರಸೀದಿಗಳು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿವೆ, ಎರಡಕ್ಕೆ ಗೆದ್ದಲು ಹಿಡಿದಿದೆ, ಐದು ಓದುವ ಹಾಗಿವೆ.

ರಾಗಿಯಣ್ಣ, ಅಕ್ಕಡಿಗೆ ಹುಚ್ಚೆಳ್ಳು ಬೀಜ ನಮ್ಮ ಕಡೆ ಯಾರ ಹತ್ತಿರವೂ ಇಲ್ಲ. ನಿಮ್ಮಲ್ಲಿ ಸಿಗುವುದೇ?

ತಾಳವಾಡಿ ರಾಗಿ:

ಸಿಗದೆ ಏನು? ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರುತ್ತೀರಲ್ಲ, ನಾನೂ ಬರುತ್ತೇನೆ. ಎರಡು ಸೇರು ಹುಚ್ಚೆಳ್ಳು, ಒಂದು ಸೇರು ಅವರೆ, ಒಂದು ಹಿಡಿ ಹರಳು ಕಟ್ಟಿ ತರುತ್ತೇನೆ. ದುಡ್ಡು ಬೇಡ, ಬೆಳೆದ ಮೇಲೆ ಅಷ್ಟೇ ಬೀಜ ಹಿಂದಕ್ಕೆ ಕೊಟ್ಟರೆ ಸಾಕು. ಚೀಲ ಮಾತ್ರ ಮರೆಯದೆ ಅಲ್ಲಿಯೇ ವಾಪಸು ಕೊಡಬೇಕು, ಅದು ನನ್ನ ಹೆಂಡತಿಯದು.

ಕಬ್ಬಿನ ಗದ್ದೆ:

ನನಗೂ ಒಂದು ಸೇರು ಎತ್ತಿಡು. ಬದುವಿಗೆ ಮಾತ್ರ. ಯಾರಿಗೂ ಹೇಳಬೇಡ.